ಒಂದು ಅಗುಳು ಸಾಲದ ಲೆಕ್ಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ಯಾರೂ ಪಾತ್ರೆಯನ್ನೆಲ್ಲ ಬಗೆದು ನೋಡುವುದಿಲ್ಲ. ಒಂದು ಅಗುಳು ತೆಗೆದು ಹಿಸುಕಿದರೆ ಸಾಕು. ಒಂದೇ ಅಕ್ಕಿ, ಒಂದೇ ನೀರು, ಒಂದೇ ಬಿಸಿ. ಹಾಗಾಗಿ ಒಂದು ಅಗುಳಿನ ಪಾಡೇ ಉಳಿದೆಲ್ಲದರ ಪಾಡು. ಆದರೆ ಅದೇ ಪಾತ್ರೆಯ ಕೆಳಗೆ ಉರಿಯುತ್ತಿರುವ ಬೆಂಕಿಗೆ ಈ ಉಪಾಯ ನಡೆಯುವುದಿಲ್ಲ. ಜ್ವಾಲೆಯ ಒಂದು ಮಗ್ಗುಲಲ್ಲಿ ಇಂಧನ ಪೂರ್ತಿ ಉರಿದಿರುತ್ತದೆ, ಇನ್ನೊಂದು ಮಗ್ಗುಲಲ್ಲಿ ಗಾಳಿಯ ಸೆಳೆತಕ್ಕೆ ಸಿಕ್ಕಿ ನಂದಿರುತ್ತದೆ, ಎರಡರ ನಡುವೆ ಎಲ್ಲೋ ಕೂದಲೆಳೆಯಷ್ಟು ಜಾಗದಲ್ಲಿ ಹೊಸ ಕಿಡಿಯೊಂದು ಹುಟ್ಟುತ್ತಿರುತ್ತದೆ. ಯಾವ ಬಿಂದುವೂ ತನ್ನ ನೆರೆಯ ಬಿಂದುವಿನ ಪರವಾಗಿ ಸಾಕ್ಷಿ ನುಡಿಯಲಾರದು.

ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಜಾಕ್ವೆಲಿನ್ ಚೆನ್ ಮತ್ತು ಅವರ ಸಂಗಡಿಗರು ಇಂಥ ಬೆಂಕಿಯನ್ನು ಬಹಳ ವರ್ಷಗಳಿಂದ ಸೂಪರ್‌ಕಂಪ್ಯೂಟರಿನೊಳಗೆ ಉರಿಸುತ್ತ ಬಂದಿದ್ದಾರೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ, ಗ್ಯಾಸ್ ಟರ್ಬೈನಿನಲ್ಲಿ ಇಂಧನ ಹೇಗೆ ಹೊತ್ತಿಕೊಳ್ಳುತ್ತದೆ, ಏಕೆ ನಂದುತ್ತದೆ, ನಂದಿದ್ದು ಮತ್ತೆ ಹೇಗೆ ಹೊತ್ತಿಕೊಳ್ಳುತ್ತದೆ ಎನ್ನುವುದು ಅವರ ಪ್ರಶ್ನೆ. ಉತ್ತರ ಸಿಗಬೇಕಾದರೆ ಆ ಕೂದಲೆಳೆಯಷ್ಟರ ಕಿಡಿಯನ್ನು ಕಣ್ಣಾರೆ ನೋಡಬೇಕು. ಅದನ್ನು ಲೆಕ್ಕ ಹಾಕಿದ ಯಂತ್ರಕ್ಕೆ ಕಿಡಿ ಎಲ್ಲಿತ್ತು, ಯಾವಾಗ ಇತ್ತು ಎಂಬುದು ಗೊತ್ತಿತ್ತು. ಆದರೆ ಆ ವಿವರವನ್ನು ಬರೆದಿಡುವ ಮೊದಲೇ ಮೆಮೊರಿಯಿಂದ ಅಳಿಸಿ ಮುಂದಿನ ಲೆಕ್ಕಕ್ಕೆ ಹೋಗಿಬಿಟ್ಟಿತು. ನಾನು ಇಲ್ಲಿ ಹೇಳಹೊರಟಿರುವುದು ಈ ನಷ್ಟದ ಕಥೆ, ಅದನ್ನು ತಪ್ಪಿಸಲು ಕಟ್ಟಿಕೊಂಡ ಉಪಾಯಗಳ ಕಥೆ.

ಮೊದಲು ಸಿಮ್ಯುಲೇಷನ್ ಎಂದರೇನು ಎಂದು ಸ್ವಲ್ಪ ನೋಡೋಣ. ಬೆಂಕಿಯೋ, ಮೋಡವೋ, ನಕ್ಷತ್ರಪುಂಜವೋ, ಏನೇ ಇರಲಿ, ಅದು ಇರುವ ಜಾಗವನ್ನು ಮೂರು ಆಯಾಮದ ಜಾಲರಿಯಾಗಿ ಸೀಳಿಕೊಳ್ಳುತ್ತಾರೆ. ಜಾಲರಿಯ ಪ್ರತಿಯೊಂದು ಬಿಂದುವಿನಲ್ಲೂ ಉಷ್ಣತೆ, ಒತ್ತಡ, ವೇಗ, ಯಾವ ರಾಸಾಯನಿಕ ಎಷ್ಟಿದೆ ಎಂಬಂಥ ಹಲವು ಸಂಖ್ಯೆಗಳಿರುತ್ತವೆ. ಭೌತಶಾಸ್ತ್ರದ ಸಮೀಕರಣಗಳನ್ನು ಬಳಸಿ, ಇನ್ನೊಂದು ಕ್ಷಣದ ನಂತರ ಈ ಸಂಖ್ಯೆಗಳು ಏನಾಗುತ್ತವೆ ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಅದರ ಮುಂದಿನ ಕ್ಷಣ. ಇದನ್ನು ಕಾಲಹೆಜ್ಜೆ ಎನ್ನೋಣ. ಬೆಂಕಿಯ ಸಿಮ್ಯುಲೇಷನ್ನಿನಲ್ಲಿ ಒಂದು ಹೆಜ್ಜೆಯ ಅಳತೆ ನ್ಯಾನೋಸೆಕೆಂಡುಗಳಲ್ಲಿ ಇರುತ್ತದೆ. ಸೆಕೆಂಡಿನ ಸಣ್ಣದೊಂದು ಭಾಗ ದಾಟಲು ಲಕ್ಷಗಟ್ಟಲೆ ಹೆಜ್ಜೆ ಇಡಬೇಕು.

ಈಗ ಒಂದು ಲೆಕ್ಕ ಮಾಡೋಣ. ಉದ್ದ, ಅಗಲ, ಎತ್ತರ ಮೂರರಲ್ಲೂ 10,000 ಬಿಂದುಗಳಿರುವ ಜಾಲರಿ ಎಂದುಕೊಳ್ಳಿ. ಒಟ್ಟು 1 ಲಕ್ಷ ಕೋಟಿ ಬಿಂದು. ಒಂದೊಂದರಲ್ಲಿ ಹತ್ತು ಸಂಖ್ಯೆ, ಒಂದೊಂದು ಸಂಖ್ಯೆಗೆ 8 ಬೈಟ್. ಹಾಗಾದರೆ ಒಂದೇ ಒಂದು ಕಾಲಹೆಜ್ಜೆಯ ಚಿತ್ರಣಕ್ಕೆ 80 ಟೆರಾಬೈಟ್ ಬೇಕು. ಅಂಥ 1 ಲಕ್ಷ ಹೆಜ್ಜೆಗಳನ್ನು ಬರೆದಿಡುತ್ತೇನೆಂದು ಹೊರಟರೆ 80 ಲಕ್ಷ ಟೆರಾಬೈಟ್. ಟೆನೆಸಿ ರಾಜ್ಯದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿರುವ ಫ್ರಾಂಟಿಯರ್ ಎಂಬ ಯಂತ್ರದ ಡಿಸ್ಕ್ ಉಗ್ರಾಣ ಲೋಕದ ಅತಿ ದೊಡ್ಡ ಉಗ್ರಾಣಗಳಲ್ಲಿ ಒಂದು. ಅದು ಹಿಡಿಸುವುದು ಸುಮಾರು 7 ಲಕ್ಷ ಟೆರಾಬೈಟ್. ನೂರಾರು ವಿಜ್ಞಾನಿಗಳು ಹಂಚಿಕೊಳ್ಳುವ ಉಗ್ರಾಣವನ್ನೆಲ್ಲ ಒಬ್ಬರಿಗೇ ಬಿಟ್ಟುಕೊಟ್ಟರೂ ಬರೆದಿಡಬೇಕಾದದ್ದರ ಹನ್ನೊಂದರಲ್ಲಿ ಒಂದು ಪಾಲು ಕೂಡ ಹಿಡಿಸುವುದಿಲ್ಲ.

ಜಾಗದ ಕೊರತೆಗಿಂತ ಕಠಿಣವಾದದ್ದು ವೇಗದ ಕೊರತೆ. 2012ರಲ್ಲಿ ಇದೇ ಓಕ್ ರಿಡ್ಜ್‌ನಲ್ಲಿ ಟೈಟಾನ್ ಎಂಬ ಯಂತ್ರ ಬಂತು. ಅದರ ಗರಿಷ್ಠ ವೇಗ 27 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 27ರ ಮುಂದೆ ಹದಿನೈದು ಸೊನ್ನೆ ಹಾಕಿದಷ್ಟು ಲೆಕ್ಕ. ಡಿಸ್ಕ್‌ಗೆ ಬರೆಯುವ ವೇಗ ಸೆಕೆಂಡಿಗೆ ಸುಮಾರು 1 ಟೆರಾಬೈಟ್. 2018ರಲ್ಲಿ ಬಂದ ಸಮ್ಮಿಟ್‌ನಲ್ಲಿ ಲೆಕ್ಕದ ವೇಗ 200 ಪೆಟಾಫ್ಲಾಪ್‌ಗೆ ಏರಿತು. ಬರೆಯುವ ವೇಗ ಏರಿದ್ದು ಎರಡೂವರೆ ಟೆರಾಬೈಟ್‌ಗೆ. 2022ರ ಮೇ ತಿಂಗಳಲ್ಲಿ ಫ್ರಾಂಟಿಯರ್, ಅಳೆದು ತೋರಿಸಿದ ಪರೀಕ್ಷೆಯಲ್ಲಿ ಎಕ್ಸಾಫ್ಲಾಪ್ ಗಡಿ ದಾಟಿದ ಮೊದಲ ಯಂತ್ರವಾಯಿತು: ಸೆಕೆಂಡಿಗೆ ಒಂದರ ಮುಂದೆ ಹದಿನೆಂಟು ಸೊನ್ನೆ. ಇದೇ ಪರೀಕ್ಷೆಯಲ್ಲಿ ಟೈಟಾನ್ ತೋರಿಸಿದ ವೇಗಕ್ಕೆ ಹೋಲಿಸಿದರೆ ಸುಮಾರು ಅರವತ್ತು ಪಟ್ಟು. ಆದರೆ ಅದರ ದೊಡ್ಡ ಡಿಸ್ಕ್ ಉಗ್ರಾಣಕ್ಕೆ ಬರೆಯುವ ವೇಗ ಸೆಕೆಂಡಿಗೆ 5 ಟೆರಾಬೈಟಿನ ಆಸುಪಾಸು, ಅಂದರೆ ಐದೇ ಪಟ್ಟು. ಬಾವಿಯ ಒರತೆ ಅರವತ್ತು ಪಟ್ಟು ಹೆಚ್ಚಿದೆ, ಸೇದುವ ಕೊಡಪಾನ ಐದು ಪಟ್ಟು ದೊಡ್ಡದಾಗಿದೆ. ಫ್ರಾಂಟಿಯರ್‌ನ ಮೆಮೊರಿ ಒಟ್ಟು 9 ಪೆಟಾಬೈಟಿಗಿಂತ, ಅಂದರೆ 9,000 ಟೆರಾಬೈಟಿಗಿಂತ ಹೆಚ್ಚು. ಅದರಲ್ಲಿರುವುದನ್ನೆಲ್ಲ ಒಮ್ಮೆ ಡಿಸ್ಕ್‌ಗೆ ಇಳಿಸಲು ಅರ್ಧ ಗಂಟೆ ಹಿಡಿಯುತ್ತದೆ. ಸುಮಾರು 21 ಮೆಗಾವ್ಯಾಟ್ ವಿದ್ಯುತ್ತು ಕುಡಿಯುವ ಯಂತ್ರ ಆ ಅರ್ಧ ಗಂಟೆ ಬರೆಯುವುದು ಮುಗಿಯಲಿ ಎಂದು ಕಾಯುತ್ತ ನಿಲ್ಲಬೇಕು.

ಅದಕ್ಕಾಗಿ ವಿಜ್ಞಾನಿಗಳು ಮಾಡುತ್ತ ಬಂದದ್ದು ಒಂದೇ ಕೆಲಸ: ಅಪರೂಪಕ್ಕೆ ಬರೆಯುವುದು. ನೂರು ಹೆಜ್ಜೆಗೊಮ್ಮೆ, ನಾನೂರು ಹೆಜ್ಜೆಗೊಮ್ಮೆ. ನಡುವಿನವೆಲ್ಲ ಗಾಳಿಗೆ ಹೋದವು. ಕಿಡಿಯ ಆಯುಸ್ಸು ಹತ್ತು ಹೆಜ್ಜೆ, ಫೋಟೋ ತೆಗೆಯುವುದು ನಾನೂರು ಹೆಜ್ಜೆಗೊಮ್ಮೆ ಎಂದಾದರೆ ನಲವತ್ತು ಕಿಡಿಗಳಲ್ಲಿ ಮೂವತ್ತೊಂಬತ್ತು ಯಾರ ಕಣ್ಣಿಗೂ ಬೀಳದೆ ಹುಟ್ಟಿ ಸಾಯುತ್ತವೆ. ಸಿಕ್ಕಿಬಿದ್ದ ಒಂದೂ ನಮಗೆ ದಕ್ಕುವುದಿಲ್ಲ, ಏಕೆಂದರೆ ಅದು ಎಲ್ಲಿಂದ ಬಂತು, ಏನಾಯಿತು ಎಂದು ಹಿಂದೆ ಮುಂದೆ ನೋಡಲು ಚಿತ್ರಗಳೇ ಇಲ್ಲ. ಇನ್ನೂ ಕೆಟ್ಟದ್ದೊಂದಿದೆ. ಸಿನಿಮಾದಲ್ಲಿ ಮುಂದೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನೀವು ನೋಡಿರುತ್ತೀರಿ. ಚೌಕಟ್ಟುಗಳ ನಡುವೆ ಚಕ್ರದ ಕಡ್ಡಿ ಎಷ್ಟು ಸರಿದಿದೆ ಎಂಬುದು ಕ್ಯಾಮೆರಾಕ್ಕೆ ಗೊತ್ತಾಗದೆ, ಹತ್ತಿರದ ಕಡ್ಡಿಯನ್ನೇ ಹಳೆಯ ಕಡ್ಡಿ ಎಂದು ನಮ್ಮ ಕಣ್ಣು ನಂಬುತ್ತದೆ. ವಿರಳವಾಗಿ ಉಳಿಸಿದ ಸಿಮ್ಯುಲೇಷನ್ನಿನಲ್ಲೂ ಹಾಗೆಯೇ. ಒಂದು ಸುಳಿ ಸತ್ತು ಪಕ್ಕದಲ್ಲಿ ಇನ್ನೊಂದು ಹುಟ್ಟಿದ್ದನ್ನು, ಮೊದಲನೆಯದೇ ಪಕ್ಕಕ್ಕೆ ಸರಿಯಿತು ಎಂದು ಓದಿಕೊಳ್ಳುವ ಅಪಾಯ ಇದೆ. ಅದು ಬರಿಯ ಕೊರತೆಯಲ್ಲ, ತಪ್ಪು ತಿಳಿವಳಿಕೆ.

ಹಾಗಿದ್ದರೆ ದತ್ತಾಂಶ ಇನ್ನೂ ಮೆಮೊರಿಯಲ್ಲಿ ಬಿಸಿಯಾಗಿರುವಾಗಲೇ ಚಿತ್ರ ಬರೆದುಬಿಟ್ಟರೆ? ಹೈ ಡೆಫಿನಿಷನ್ ಪರದೆಯ ಒಂದು ಚಿತ್ರ, ಒತ್ತಿ ಸಣ್ಣದು ಮಾಡದೆ ಇಟ್ಟರೂ 6 ಮೆಗಾಬೈಟ್. ನಮ್ಮ 80 ಟೆರಾಬೈಟ್‌ಗೆ ಹೋಲಿಸಿದರೆ ಸುಮಾರು ಒಂದೂಕಾಲು ಕೋಟಿಯಲ್ಲಿ ಒಂದು ಪಾಲು. ಅಕ್ಕಿಯ ಮೂಟೆಯನ್ನು ಮನೆಗೆ ಹೊತ್ತು ತಂದು ಅಲ್ಲಿ ಆರಿಸುವ ಬದಲು ಕಣದಲ್ಲೇ ಆರಿಸಿ ಬೇಕಾದಷ್ಟನ್ನು ಮಾತ್ರ ತರುವ ಹಾಗೆ. ಈ ಕ್ಷೇತ್ರದವರು ಇದನ್ನು ಲ್ಯಾಟಿನ್ ಮಾತಿನಲ್ಲಿ ‘ಇನ್ ಸಿಟು’ ಎನ್ನುತ್ತಾರೆ. ಇದ್ದಲ್ಲೇ ಎಂದು ಅರ್ಥ. ನಾನು ಇದನ್ನು ತಾಣದಲ್ಲೇ ದೃಶ್ಯೀಕರಣ ಎಂದು ಕರೆಯುತ್ತೇನೆ.

ಉಪಾಯ ಹೊಸದೇನೂ ಅಲ್ಲ. 1963ರಲ್ಲಿ ಬೆಲ್ ಪ್ರಯೋಗಾಲಯದ ಎಡ್ವರ್ಡ್ ಝಾಜಾಕ್, ಭೂಮಿಯನ್ನು ಸುತ್ತುವ ಉಪಗ್ರಹವೊಂದು ತನ್ನ ಮುಖವನ್ನು ಸದಾ ಭೂಮಿಯ ಕಡೆಗೇ ಇಟ್ಟುಕೊಳ್ಳುವಂತೆ ಮಾಡಬಹುದೇ ಎಂಬುದನ್ನು ಲೆಕ್ಕ ಹಾಕುತ್ತಿದ್ದರು. ಸಂಖ್ಯೆಗಳ ಪಟ್ಟಿಯನ್ನು ನೋಡಿ ಉಪಗ್ರಹ ಹೇಗೆ ಹೊರಳಾಡುತ್ತಿದೆ ಎಂದು ಊಹಿಸುವುದು ಕಷ್ಟ. ಅದಕ್ಕಾಗಿ ಲೆಕ್ಕದ ಫಲಿತಾಂಶವನ್ನು ನೇರವಾಗಿ ಮೈಕ್ರೋಫಿಲ್ಮಿನ ಮೇಲೆ ರೇಖಾಚಿತ್ರವಾಗಿ ಮೂಡಿಸುವಂತೆ ಪ್ರೋಗ್ರಾಮ್ ಬರೆದರು. ಒಂದು ಪೆಟ್ಟಿಗೆ ಗೋಳದ ಸುತ್ತ ತಿರುಗುತ್ತ ಓಲಾಡುವ ಪುಟ್ಟ ಚಲನಚಿತ್ರ ಸಿದ್ಧವಾಯಿತು. ಕಂಪ್ಯೂಟರಿನಿಂದ ತಯಾರಾದ ಅತಿ ಹಳೆಯ ಚಲನಚಿತ್ರಗಳಲ್ಲಿ ಅದೂ ಒಂದು. ಆಮೇಲೆ ಡಿಸ್ಕ್ ಅಗ್ಗವಾಯಿತು, ಮೊದಲು ಉಳಿಸು ಆಮೇಲೆ ನೋಡು ಎಂಬ ಅಭ್ಯಾಸ ಬೇರೂರಿತು. ಆ ಅಭ್ಯಾಸ ಸುಖವಾದದ್ದು ಎಂಬುದನ್ನು ಒಪ್ಪಲೇಬೇಕು. ಫೈಲ್ ಕೈಯಲ್ಲಿದ್ದರೆ ಇಂದು ಒಂದು ಕೋನದಿಂದ ನೋಡಬಹುದು, ಆರು ತಿಂಗಳ ನಂತರ ಹೊಸ ಅನುಮಾನ ಬಂದರೆ ಮತ್ತೆ ತೆರೆಯಬಹುದು.

ಚಿತ್ರ ಹೇಗೆ ಮೂಡುತ್ತದೆ

ಸಾವಿರಾರು ಕಂಪ್ಯೂಟರುಗಳಲ್ಲಿ ಚೂರುಚೂರಾಗಿ ಹಂಚಿಹೋಗಿರುವ ಬೆಂಕಿಯಿಂದ ಒಂದು ಅಖಂಡ ಚಿತ್ರ ತೆಗೆಯುವ ಬಗೆಯೇ ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಫ್ರಾಂಟಿಯರ್‌ನಂಥ ಯಂತ್ರ ಒಂದೇ ಪೆಟ್ಟಿಗೆಯಲ್ಲ. ಅದರಲ್ಲಿ 9,400ಕ್ಕೂ ಹೆಚ್ಚು ನೋಡ್‌ಗಳಿವೆ. ಒಂದೊಂದು ನೋಡ್ ಕೂಡ ತನ್ನದೇ ಮೆಮೊರಿ, ತನ್ನದೇ ಗ್ರಾಫಿಕ್ಸ್ ಚಿಪ್‌ಗಳಿರುವ ಪೂರ್ಣ ಕಂಪ್ಯೂಟರ್. ಜಾಲರಿಯನ್ನು ಹೊಲ ಪಾಲು ಮಾಡಿದ ಹಾಗೆ ಈ ನೋಡ್‌ಗಳಿಗೆ ಹಂಚಿರುತ್ತಾರೆ. ಪ್ರತಿಯೊಬ್ಬರೂ ತಮ್ಮ ಪಾಲನ್ನು ಉಳುತ್ತಾರೆ, ಆದರೆ ಬದುವಿನ ಆಚೆಗಿನ ಒಂದೆರಡು ಸಾಲಿನ ಪೈರು ಹೇಗಿದೆ ಎಂದು ನೆರೆಯವರನ್ನು ಕೇಳಿ ಬರೆದಿಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಗಡಿಯಲ್ಲಿ ಲೆಕ್ಕ ತಪ್ಪುತ್ತದೆ, ಚಿತ್ರದಲ್ಲಿ ಸೀಳು ಕಾಣುತ್ತದೆ.

ಚಿತ್ರಕ್ಕೆ ಬೇಕಾದದ್ದು ಜ್ವಾಲೆಯ ಮೈ. ಶಾಲೆಯ ಭೂಪಟದಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆದ ಸಮೋನ್ನತಿ ರೇಖೆ ನೆನಪಿದೆಯಲ್ಲವೇ? ಅದನ್ನೇ ಮೂರು ಆಯಾಮಕ್ಕೆ ಏರಿಸಿದರೆ ರೇಖೆ ಹೋಗಿ ಮೇಲ್ಮೈ ಬರುತ್ತದೆ. ಉದಾಹರಣೆಗೆ, ಉಷ್ಣತೆ ಸರಿಯಾಗಿ 1,500 ಡಿಗ್ರಿ ಇರುವ ಬಿಂದುಗಳನ್ನೆಲ್ಲ ಸೇರಿಸಿದ ಪೊರೆ. ಇದನ್ನು ಹುಡುಕುವ ವಿಧಾನವನ್ನು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿಲಿಯಂ ಲೊರೆನ್ಸನ್ ಮತ್ತು ಹಾರ್ವೆ ಕ್ಲೈನ್ 1987ರಲ್ಲಿ ಪ್ರಕಟಿಸಿದರು; ಹೆಸರು ಮಾರ್ಚಿಂಗ್ ಕ್ಯೂಬ್ಸ್. ಜಾಲರಿಯ ಒಂದು ಪುಟ್ಟ ಘನವನ್ನು ತೆಗೆದುಕೊಳ್ಳಿ. ಅದಕ್ಕೆ ಎಂಟು ಮೂಲೆ. ಒಂದೊಂದು ಮೂಲೆಯೂ 1,500 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೇ ಕೆಳಗಿರಬೇಕು. ಹಾಗಾಗಿ ಒಟ್ಟು 256 ಸಾಧ್ಯತೆ. ತಿರುಗಿಸಿ, ಮಗುಚಿ ಒಂದೇ ರೀತಿ ಕಾಣುವವನ್ನು ಬಿಟ್ಟರೆ ಹದಿನೈದೇ ಮಾದರಿ. ಯಾವ ಮಾದರಿಗೆ ಯಾವ ತ್ರಿಕೋನ ಎಂಬ ಪಟ್ಟಿ ಮೊದಲೇ ಸಿದ್ಧವಿರುತ್ತದೆ. ಘನದಿಂದ ಘನಕ್ಕೆ ನಡೆಯುತ್ತ ತ್ರಿಕೋನಗಳನ್ನು ಹೊಲಿಯುತ್ತ ಹೋದರೆ ಜ್ವಾಲೆಯ ಪೊರೆ ಸಿದ್ಧ. ಪ್ರತಿ ನೋಡ್ ತನ್ನ ಪಾಲಿನ ಘನಗಳನ್ನು ತಾನೇ ನೋಡಿಕೊಳ್ಳುವುದರಿಂದ ಹತ್ತು ಸಾವಿರ ನೋಡ್‌ಗಳಾದರೂ ಈ ಹಂತದಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಕಾಯಬೇಕಾಗಿಲ್ಲ.

ಕಾಯಬೇಕಾಗುವುದು ಆಮೇಲೆ. ಈಗ ಒಂದೊಂದು ನೋಡ್ ಬಳಿಯೂ ತನ್ನ ತುಂಡಿನ ಚಿತ್ರವಿರುವ ಗಾಜಿನ ಹಾಳೆಯೊಂದಿದೆ ಎಂದುಕೊಳ್ಳಿ. ಹಾಳೆಯ ಪ್ರತಿ ಚುಕ್ಕೆಯ ಜೊತೆ ಅದು ಕ್ಯಾಮೆರಾದಿಂದ ಎಷ್ಟು ದೂರ ಎಂಬ ಸಂಖ್ಯೆಯೂ ಇದೆ. ಎಲ್ಲ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಪ್ರತಿ ಚುಕ್ಕೆಯಲ್ಲೂ ಹತ್ತಿರದ್ದನ್ನು ಉಳಿಸಿಕೊಂಡರೆ ಪೂರ್ತಿ ಚಿತ್ರ. ಹೊಗೆಯಂಥ ಅರೆಪಾರದರ್ಶಕ ವಸ್ತುವಾದರೆ ಹಾಳೆಗಳ ಕ್ರಮವೂ ತಪ್ಪಬಾರದು. ಆದರೆ ಸಾವಿರ ಹಾಳೆಗಳನ್ನು ಒಬ್ಬರ ಮೇಜಿನ ಮೇಲೆ ತಂದು ರಾಶಿ ಹಾಕಿದರೆ ಆ ಒಬ್ಬರು ಕುಸಿದುಬೀಳುತ್ತಾರೆ, ಉಳಿದವರು ಸುಮ್ಮನೆ ಕೂರುತ್ತಾರೆ. ಇದಕ್ಕೆ ಇರುವ ಚಂದದ ಪರಿಹಾರ ಹೀಗಿದೆ: ನೋಡ್‌ಗಳು ಇಬ್ಬಿಬ್ಬರಾಗಿ ಜೋಡಿಯಾಗುತ್ತವೆ. ಇಬ್ಬರೂ ತಮ್ಮ ಹಾಳೆಯನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಮೇಲಿನ ಅರ್ಧಗಳೆರಡನ್ನೂ ಒಬ್ಬರು, ಕೆಳಗಿನ ಅರ್ಧಗಳೆರಡನ್ನೂ ಇನ್ನೊಬ್ಬರು ಕೂಡಿಸುತ್ತಾರೆ. ಮುಂದಿನ ಸುತ್ತಿನಲ್ಲಿ ಹೊಸ ಜೋಡಿ, ಉಳಿದ ಹಾಳೆ ಮತ್ತೆ ಅರ್ಧ. 1,024 ನೋಡ್‌ಗಳಿದ್ದರೆ ಹತ್ತೇ ಸುತ್ತು. ಕೊನೆಯಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಪೂರ್ಣಗೊಂಡ ಚಿತ್ರದ 1,024ರಲ್ಲಿ ಒಂದು ಪಟ್ಟಿ ಇರುತ್ತದೆ, ಅವನ್ನು ಪಕ್ಕಪಕ್ಕ ಇಟ್ಟರೆ ಮುಗಿಯಿತು. ಯಾವ ಹಂತದಲ್ಲೂ ಯಾರೂ ಕೈಕಟ್ಟಿ ಕೂರಲಿಲ್ಲ. ಕೆಲಸವನ್ನು ಹೀಗೆ ಸಮನಾಗಿ ಹಂಚುವ ಯೋಚನೆ ಹೊಳೆದವರಿಗೆ ಎಷ್ಟು ಸಂತೋಷವಾಗಿರಬೇಕು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇದನ್ನೆಲ್ಲ ಪ್ರತಿ ವಿಜ್ಞಾನಿಯೂ ಮೊದಲಿನಿಂದ ಬರೆಯಬೇಕಾಗಿಲ್ಲ. ಪ್ಯಾರಾವ್ಯೂ ತಂತ್ರಾಂಶದ ಕೆಟಲಿಸ್ಟ್, ವಿಸಿಟ್ ತಂತ್ರಾಂಶದ ಲಿಬ್‌ಸಿಮ್, ಇತ್ತೀಚಿನ ಅಸೆಂಟ್ ಮುಂತಾದವು ಉಚಿತವಾಗಿ ಸಿಗುತ್ತವೆ, ಅವುಗಳ ಮೂಲ ಸಂಕೇತವೂ ಎಲ್ಲರಿಗೂ ತೆರೆದಿದೆ. ಸಿಮ್ಯುಲೇಷನ್ ಬರೆದವರು ತಮ್ಮ ಜಾಲರಿ ಮೆಮೊರಿಯಲ್ಲಿ ಎಲ್ಲಿದೆ, ಹೇಗೆ ಜೋಡಿಸಿದೆ ಎಂದು ವಿವರಿಸುವ ಸಣ್ಣ ಕೊಂಡಿಯೊಂದನ್ನು ಬರೆಯುತ್ತಾರೆ. ಎಷ್ಟು ಹೆಜ್ಜೆಗೊಮ್ಮೆ, ಯಾವ ಕೋನದಿಂದ, ಯಾವುದರ ಚಿತ್ರ ಎಂಬುದನ್ನು ಬೇರೆಯೇ ಚಿಕ್ಕ ಕಡತದಲ್ಲಿ ಬರೆದುಕೊಡುತ್ತಾರೆ. ಚಿತ್ರ ಬದಲಿಸಬೇಕೆಂದರೆ ಆ ಕಡತ ತಿದ್ದಿದರೆ ಸಾಕು.

ಕೊಡಬೇಕಾದ ಬೆಲೆಯೂ ಇದೆ. ಮೆಮೊರಿಯನ್ನು ಸಿಮ್ಯುಲೇಷನ್ ಕಂಠಪೂರ್ತಿ ತುಂಬಿಕೊಂಡಿರುತ್ತದೆ. ಚಿತ್ರ ಬರೆಯಲು ದತ್ತಾಂಶದ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತೇನೆ ಎಂದರೆ ಜಾಗವಿಲ್ಲ. ಆದ್ದರಿಂದ ಇದ್ದದ್ದನ್ನು ಇದ್ದಂತೆಯೇ ಓದಬೇಕು. ಈಗಿನ ಯಂತ್ರಗಳಲ್ಲಿ ದತ್ತಾಂಶ ಕುಳಿತಿರುವುದು ಗ್ರಾಫಿಕ್ಸ್ ಚಿಪ್ಪಿನ ಮೆಮೊರಿಯಲ್ಲಿ. ಹಳೆಯ ದೃಶ್ಯೀಕರಣ ತಂತ್ರಾಂಶಗಳನ್ನು ಅಲ್ಲಿಯೇ ಓಡುವಂತೆ ಹೊಸದಾಗಿ ಬರೆಯಲು ವರ್ಷಗಳೇ ಹಿಡಿದವು. ಇನ್ನು ಚಿತ್ರ ಬರೆಯುವ ಭಾಗದಲ್ಲಿ ದೋಷವಿದ್ದರೆ ಅದು ಸಿಮ್ಯುಲೇಷನ್ನನ್ನೂ ಕೆಡವಬಹುದು. ವರ್ಷವಿಡೀ ಕಾದು ಯಂತ್ರದ ಸಮಯ ಪಡೆದ ವಿಜ್ಞಾನಿಗೆ ಈ ಭಯ ದೊಡ್ಡದು, ಅದನ್ನು ನಾನು ಹಗುರವಾಗಿ ನೋಡಲಾರೆ. ಅದಕ್ಕಾಗಿ ಇನ್ನೊಂದು ದಾರಿ ಇದೆ: ದತ್ತಾಂಶವನ್ನು ಜಾಲದ ಮೂಲಕ ಪಕ್ಕದ ಬೇರೆ ಕೆಲವು ನೋಡ್‌ಗಳಿಗೆ ಸಾಗಿಸಿ, ಅಲ್ಲಿ ಚಿತ್ರ ಬರೆಯುವುದು. ಸಿಮ್ಯುಲೇಷನ್ ತನ್ನ ಪಾಡಿಗೆ ಮುಂದೆ ಹೋಗುತ್ತದೆ, ಆ ಕಡೆ ಏನೇ ಮುರಿದರೂ ಇದು ನಿಲ್ಲುವುದಿಲ್ಲ.

ನೋಡುತ್ತ ಇರುವುದರಿಂದ ಸಿಗುವ ಇನ್ನೊಂದು ಲಾಭವನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಸಂಖ್ಯೆ ತಪ್ಪಾಗಿ ಕೊಟ್ಟಿದ್ದರೆ ಎರಡನೆಯ ಗಂಟೆಯಲ್ಲೇ ಚಿತ್ರ ವಿಕಾರವಾಗಿ ಕಾಣುತ್ತದೆ. ಆಗಲೇ ನಿಲ್ಲಿಸಬಹುದು ಅಥವಾ ತಿದ್ದಿ ಮುಂದುವರಿಸಬಹುದು. ಇಲ್ಲವಾದರೆ ಮೂರು ದಿನ ಓಡಿ ಮುಗಿದ ಮೇಲೆ ಗೊತ್ತಾಗುತ್ತಿತ್ತು.

ಏನನ್ನು ನೋಡಬೇಕೆಂದು ಗೊತ್ತಿಲ್ಲದಾಗ

ಇಷ್ಟು ಹೇಳಿದ ಮೇಲೂ ನಿಜವಾದ ಕಷ್ಟ ಹಾಗೆಯೇ ಉಳಿದಿದೆ. ಕ್ಯಾಮೆರಾ ಎಲ್ಲಿಡಬೇಕು, ಯಾವ ಉಷ್ಣತೆಯ ಪೊರೆ ಬೇಕು ಎಂದು ಸಿಮ್ಯುಲೇಷನ್ ಶುರುವಾಗುವ ಮೊದಲೇ ಹೇಳಬೇಕು. ಅಂದರೆ ಉತ್ತರ ಬರುವ ಮೊದಲೇ ಪ್ರಶ್ನೆಗಳೆಲ್ಲ ತಿಳಿದಿರಬೇಕು. ಸಂಶೋಧನೆ ನಡೆಯುವುದು ಹಾಗಲ್ಲವಲ್ಲ.

2011ರ ಮೇ 24ರಂದು ಅಮೆರಿಕದ ಒಕ್ಲಹೋಮಾದಲ್ಲಿ ಎಲ್ ರೀನೋ ಪಟ್ಟಣದ ಬಳಿ ಭೀಕರ ಸುಂಟರಗಾಳಿ ಬೀಸಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೀ ಆರ್ಫ್ ಅಂಥದ್ದೇ ಬಿರುಗಾಳಿಯನ್ನು ಇಲಿನಾಯ್‌ನ ಬ್ಲೂ ವಾಟರ್ಸ್ ಯಂತ್ರದಲ್ಲಿ ಮತ್ತೆ ಬೀಸಿಸಿದರು. 30 ಮೀಟರಿಗೊಂದು ಬಿಂದು, ಒಟ್ಟು 184 ಕೋಟಿ ಬಿಂದುಗಳು, ಮೂರು ದಿನಕ್ಕೂ ಮೀರಿದ ಓಟ. ಆರ್ಫ್ ಬೇರೆಯದೇ ಹಾದಿ ಹಿಡಿದರು. ಚಿತ್ರ ಬರೆದು ಮೂಲವನ್ನು ಬಿಸಾಡುವ ಬದಲು ದತ್ತಾಂಶವನ್ನು ಮೆಮೊರಿಯಲ್ಲೇ ಕೂಡಿಸಿ, ಸುಂಟರಗಾಳಿಯ ಸುತ್ತಲ ಭಾಗವನ್ನು ಮಾತ್ರ ಆರಿಸಿ, ಅಗತ್ಯವಿದ್ದಷ್ಟೇ ನಿಖರತೆ ಉಳಿಸಿಕೊಂಡು ಒತ್ತಿ ಸಣ್ಣದು ಮಾಡಿ, ಮೇಲಿಂದ ಮೇಲೆ ಡಿಸ್ಕ್‌ಗೆ ಇಳಿಸುವ ವ್ಯವಸ್ಥೆಯನ್ನು ತಾವೇ ಕಟ್ಟಿದರು. ಹಾಗೆ ಉಳಿಸಿದ್ದನ್ನು ನೋಡಿದಾಗ, ಬಿರುಗಾಳಿಯ ತಣ್ಣನೆಯ ಗಾಳಿಯ ಅಂಚಿನಲ್ಲಿ ನೆಲದ ಬಳಿ ಅಡ್ಡಲಾಗಿ ಸುರುಳಿ ಸುತ್ತುತ್ತ ಹರಿದು, ಮೇಲೇಳುವ ಗಾಳಿಯ ಕಂಬದೊಳಗೆ ನುಗ್ಗುವ ಹರಿವೊಂದು ಎದ್ದು ಕಂಡಿತು. ಬಲವಾದ ಸುಂಟರಗಾಳಿಯನ್ನು ಪೋಷಿಸುವಲ್ಲಿ ಅದರ ಪಾತ್ರವನ್ನು ಹವಾಮಾನ ವಿಜ್ಞಾನಿಗಳು ಈಗ ಗಂಭೀರವಾಗಿ ಚರ್ಚಿಸುತ್ತಾರೆ. ಕ್ಯಾಮೆರಾವನ್ನು ಕೊಳವೆಯಾಕಾರದ ಸುಳಿಯ ಕಡೆಗೆ ಮಾತ್ರ ತಿರುಗಿಸಿಟ್ಟು ಉಳಿದದ್ದನ್ನು ಅಳಿಸಿದ್ದರೆ ಆ ಹರಿವು ಕಣ್ಣಿಗೆ ಬೀಳುತ್ತಿತ್ತೇ?

ಹಾಗಾಗಿ ತಾಣದಲ್ಲೇ ನೋಡುವವರು ಮುಂದಾಗಿ ಹೇಳಬೇಕಾದದ್ದನ್ನು ಕಡಿಮೆ ಮಾಡುವ ದಾರಿಗಳನ್ನು ಹುಡುಕಿದ್ದಾರೆ. ಲಾಸ್ ಅಲಾಮೋಸ್ ಪ್ರಯೋಗಾಲಯದ ಜೇಮ್ಸ್ ಅಹ್ರೆನ್ಸ್ ಮತ್ತು ಸಂಗಡಿಗರು 2014ರಲ್ಲಿ ಮುಂದಿಟ್ಟ ಸಿನಿಮಾ ಎಂಬ ವಿಧಾನ ಬಹಳ ಸರಳ: ಒಂದು ಚಿತ್ರ ಬೇಡ, ಸಾವಿರಾರು ಚಿತ್ರ ತೆಗೆಯೋಣ. ಸುತ್ತಲೂ 36 ದಿಕ್ಕು, ಮೇಲಿಂದ ಕೆಳಕ್ಕೆ ಹತ್ತು ಕೋನ, ಹತ್ತು ಬೇರೆ ಬೇರೆ ಉಷ್ಣತೆಯ ಪೊರೆ ಎಂದರೆ ಒಂದು ಹೆಜ್ಜೆಗೆ 3,600 ಚಿತ್ರ. ಒಂದೊಂದೂ 1 ಮೆಗಾಬೈಟ್ ಎಂದರೆ ಒಟ್ಟು 3.6 ಗಿಗಾಬೈಟ್, ನಮ್ಮ 80 ಟೆರಾಬೈಟಿನ ಇಪ್ಪತ್ತೆರಡು ಸಾವಿರದಲ್ಲಿ ಒಂದು ಪಾಲು. ಆಮೇಲೆ ವಿಜ್ಞಾನಿ ತನ್ನ ಲ್ಯಾಪ್‌ಟಾಪಿನಲ್ಲಿ ಮೌಸ್ ಎಳೆದಾಗ ಪಕ್ಕದ ಕೋನದ ಚಿತ್ರ ಬರುತ್ತದೆ. ಜ್ವಾಲೆಯನ್ನೇ ಕೈಯಲ್ಲಿ ತಿರುಗಿಸಿದ ಅನುಭವ. ಮೊದಲೇ ಊಹಿಸದ ಪ್ರಶ್ನೆಗೂ ಎಷ್ಟೋ ಸಲ ಉತ್ತರ ಸಿಗುತ್ತದೆ.

ಚಿತ್ರವೇ ಬೇಡದ ಸಂದರ್ಭಗಳೂ ಇವೆ. ಷಿಕಾಗೋ ಬಳಿಯ ಆರ್ಗಾನ್ ಪ್ರಯೋಗಾಲಯದ ಸಲ್ಮಾನ್ ಹಬೀಬ್, ಕಟ್ರಿನ್ ಹೈಟ್‌ಮನ್ ಮತ್ತವರ ತಂಡ ವಿಶ್ವದ ಬೆಳವಣಿಗೆಯ ಸಿಮ್ಯುಲೇಷನ್ ನಡೆಸುತ್ತದೆ. ಅವರ ಒಂದು ಓಟದಲ್ಲಿ 1 ಲಕ್ಷ ಕೋಟಿಗೂ ಹೆಚ್ಚು ಕಣಗಳಿದ್ದವು. ಒಂದು ಕ್ಷಣದ ಚಿತ್ರಣವೇ ಸುಮಾರು 40 ಟೆರಾಬೈಟ್. ಅವರಿಗೆ ಬೇಕಾದದ್ದು ಪ್ರತಿ ಕಣವಲ್ಲ, ಕಣಗಳು ಗುರುತ್ವದಿಂದ ಒಟ್ಟುಗೂಡಿ ಆದ ಗುಂಪುಗಳು. ಸಿಮ್ಯುಲೇಷನ್ ಓಡುತ್ತಿರುವಾಗಲೇ ಈ ಗುಂಪುಗಳನ್ನು ಹುಡುಕಿ, ಒಂದೊಂದರ ತೂಕ, ಕೇಂದ್ರ, ಚಲನೆಯನ್ನು ಪಟ್ಟಿ ಮಾಡುತ್ತಾರೆ. ಜನಗಣತಿಯ ಹಾಗೆ. ಇನ್ನೊಂದು ಓಟದಲ್ಲಿ ದೈತ್ಯ ಗುಂಪುಗಳ ಕೇಂದ್ರ ಹುಡುಕಲು ಬಹಳ ಹೊತ್ತು ಬೇಕಾಗಿ, ಒಂದೆರಡು ನೋಡ್‌ಗಳಿಗಾಗಿ ಸಾವಿರಾರು ನೋಡ್‌ಗಳು ಕಾಯುವಂತಾದಾಗ ಚಿಕ್ಕ ಗುಂಪುಗಳನ್ನು ತಾಣದಲ್ಲೇ ಮುಗಿಸಿ, ದೈತ್ಯರನ್ನು ಮಾತ್ರ ಬೇರೆ ಯಂತ್ರಕ್ಕೆ ಕಳುಹಿಸಿದರು.

ಬೆಂಕಿಯ ಕಿಡಿಗಳನ್ನು ಎಣಿಸುವುದಕ್ಕೂ ಇಂಥದ್ದೇ ಗಣತಿ ಬೇಕು. ಅಲ್ಲಿ ಬಳಸುವ ವಿಧಾನವನ್ನು ಅರ್ಥ ಮಾಡಿಕೊಳ್ಳಲು ಶರಾವತಿಯ ಹಿನ್ನೀರನ್ನು ನೆನೆಯಿರಿ. ಲಿಂಗನಮಕ್ಕಿ ತುಂಬಿದಾಗ ಎಲ್ಲೆಡೆ ನೀರು. ಬೇಸಿಗೆಯಲ್ಲಿ ನೀರು ಇಳಿಯುತ್ತಿದ್ದಂತೆ ಎತ್ತರದ ಗುಡ್ಡದ ನೆತ್ತಿ ಮೊದಲು ನಡುಗಡ್ಡೆಯಾಗಿ ಏಳುತ್ತದೆ, ಆಮೇಲೆ ಇನ್ನೊಂದು, ಮತ್ತೊಂದು. ಇನ್ನೂ ಇಳಿದರೆ ಎರಡು ನಡುಗಡ್ಡೆಗಳ ನಡುವಿನ ದಿಣ್ಣೆ ಕಂಡು ಅವು ಒಂದಾಗುತ್ತವೆ. ಯಾವ ಮಟ್ಟದಲ್ಲಿ ಯಾವುದು ಹುಟ್ಟಿತು, ಯಾವ ಮಟ್ಟದಲ್ಲಿ ಯಾವುದರೊಡನೆ ಕೂಡಿತು ಎಂದು ಬರೆಯುತ್ತ ಹೋದರೆ ಒಂದು ವಂಶವೃಕ್ಷ ಸಿಗುತ್ತದೆ. ನೀರಿನ ಮಟ್ಟದ ಜಾಗದಲ್ಲಿ ಉಷ್ಣತೆಯನ್ನೋ ರಾಸಾಯನಿಕದ ಪ್ರಮಾಣವನ್ನೋ ಇಟ್ಟರೆ ಒಂದೊಂದು ಕಿಡಿಯೂ ಒಂದೊಂದು ನಡುಗಡ್ಡೆ. ಟೆರಾಬೈಟುಗಳ ಬೆಂಕಿ ಪುಟ್ಟ ಮರವಾಗಿ ಉಳಿಯುತ್ತದೆ. ‘ಈ ಮಟ್ಟದಲ್ಲಿ ಎಷ್ಟು ಕಿಡಿ’ ಎಂಬ ಪ್ರಶ್ನೆಯನ್ನು ಯಾವ ಮಟ್ಟಕ್ಕಾದರೂ ಆಮೇಲೆ ಕೇಳಬಹುದು. ದತ್ತಾಂಶದ ಆಕಾರವನ್ನು ಓದುವ ಈ ಶಾಸ್ತ್ರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ನಟರಾಜನ್ ಅವರ ತಂಡ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ. 1986ರಲ್ಲೇ ಗಾಳಿ, ದ್ರವಗಳ ಹರಿವಿನ ಲೆಕ್ಕಕ್ಕಾಗಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಇರುವುದೂ ಈ ಊರಿನಲ್ಲೇ, 2022ರಲ್ಲಿ 3.3 ಪೆಟಾಫ್ಲಾಪ್ ವೇಗದ ಪರಮ್ ಪ್ರವೇಗ ಕೂತದ್ದೂ ಇಲ್ಲೇ. ಫ್ರಾಂಟಿಯರ್‌ಗೆ ಹೋಲಿಸಿದರೆ ಇದು ಚಿಕ್ಕದು, ಆದರೆ ಲೆಕ್ಕ ಮುಂದೋಡಿ ಡಿಸ್ಕ್ ಹಿಂದುಳಿಯುವ ತೊಂದರೆ ಯಂತ್ರದ ಗಾತ್ರ ನೋಡಿ ಬರುವಂಥದ್ದಲ್ಲ. ದೊಡ್ಡ ಫೈಲನ್ನು ಜಾಲದ ಮೇಲೆ ತನ್ನ ವಿಭಾಗದ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತ ರಾತ್ರಿಯೆಲ್ಲ ಕಾಯುವ ವಿದ್ಯಾರ್ಥಿಗೂ ಇದೇ ಔಷಧ ಬೇಕು.

ಕೊನೆಯದಾಗಿ, ಯಾವಾಗ ನೋಡಬೇಕು ಎಂಬುದನ್ನು ಯಂತ್ರವೇ ನಿರ್ಧರಿಸುವ ಉಪಾಯ. ಬೆಂಕಿ ಶಾಂತವಾಗಿ ಸಾಗುತ್ತಿದ್ದಾಗ ಅಪರೂಪಕ್ಕೆ ಉಳಿಸಿದರೆ ಸಾಕು. ಹೊತ್ತಿಕೊಳ್ಳುವ ಗಳಿಗೆ ಹತ್ತಿರವಾದಾಗ ಪ್ರತಿ ಹೆಜ್ಜೆಯೂ ಬೇಕು. ಆ ಗಳಿಗೆ ಬಂದಿದೆ ಎಂದು ತಿಳಿಯುವುದು ಹೇಗೆ? ಒಂದು ಬಿಂದುವಿನ ಮಿಶ್ರಣ ತಾನಾಗಿ ಸ್ಫೋಟಿಸುವ ಸ್ಥಿತಿಗೆ ಎಷ್ಟು ಹತ್ತಿರವಿದೆ ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಒಂದು ಅಳತೆ ಇದೆ. ಎಲ್ಲ ಬಿಂದುಗಳಲ್ಲೂ ಅದನ್ನು ಲೆಕ್ಕ ಹಾಕುವುದು ದುಬಾರಿ. ಇಲ್ಲಿ ಮತ್ತೆ ಅಗುಳಿನ ಉಪಾಯವೇ ಕೈಹಿಡಿಯುತ್ತದೆ. ಆದರೆ ಒಂದು ಅಗುಳಲ್ಲ, ಪಾತ್ರೆಯ ಎಲ್ಲ ಕಡೆಯಿಂದ ಚೀಟಿ ಎತ್ತಿದಂತೆ ಆರಿಸಿದ ಕೆಲವು ಸಾವಿರ ಅಗುಳು. ಹುಡುಕುವುದು ಕಿಡಿಯನ್ನಲ್ಲ, ಕಿಡಿ ಅಪರೂಪವಾದ್ದರಿಂದ ಹೀಗೆ ಆರಿಸಿದರೆ ತಪ್ಪಿಹೋಗುತ್ತದೆ. ಹುಡುಕುವುದು ಕಿಡಿ ಹುಟ್ಟುವ ಹದವನ್ನು. ಮಿಶ್ರಣ ಹದಕ್ಕೆ ಬರುತ್ತಿದ್ದಂತೆ ಆ ಅಳತೆಯ ಮೌಲ್ಯಗಳು ಹರಡಿಕೊಂಡಿರುವ ರೀತಿಯೇ ಬದಲಾಗುತ್ತದೆ, ಮತ್ತು ಆ ಬದಲಾವಣೆಯನ್ನು ಹಿಡಿಯಲು ಎಷ್ಟು ಮಾದರಿ ಬೇಕು ಎಂಬುದು ಪಾತ್ರೆಯ ಗಾತ್ರದ ಮೇಲೆ ನಿಂತಿಲ್ಲ. 100 ಕೋಟಿ ಬಿಂದುಗಳಿದ್ದರೂ 1 ಲಕ್ಷ ಕೋಟಿ ಇದ್ದರೂ ಆರಿಸುವ ಅಗುಳುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ.

ಹದ ಬಂತು ಎಂದು ಕಂಡ ಕೂಡಲೇ ಸಿಮ್ಯುಲೇಷನ್ ಪ್ರತಿ ಹೆಜ್ಜೆಯನ್ನೂ ಬರೆಯತೊಡಗುತ್ತದೆ. ಆ ಎಚ್ಚರಿಕೆ ಒಂದೆರಡು ಹೆಜ್ಜೆ ತಡವಾದರೆ ಕಿಡಿ ಹುಟ್ಟಿದ ಕ್ಷಣವೇ ಕೈತಪ್ಪುತ್ತದೆ, ವಿಜ್ಞಾನಿಗೆ ಬೇಕಾದದ್ದು ಬಹುಪಾಲು ಆ ಕ್ಷಣವೇ. ಅದಕ್ಕಾಗಿ ಹಿಂದಿನ ಕೆಲವು ಹೆಜ್ಜೆಗಳನ್ನು ಬರೆಯದೆಯೂ ಅಳಿಸದೆಯೂ ಮೆಮೊರಿಯ ಒಂದು ಮೂಲೆಯಲ್ಲಿ ಹಿಡಿದಿಟ್ಟುಕೊಳ್ಳಬಹುದು. ಎಚ್ಚರಿಕೆ ಬಂದರೆ ಅವನ್ನೂ ಸೇರಿಸಿ ಬರೆಯುವುದು, ಬರದಿದ್ದರೆ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯುವುದು. ಎಷ್ಟು ಹೆಜ್ಜೆ ಹಿಡಿದಿಟ್ಟರೆ ಸಾಕು ಎಂಬ ಬಗ್ಗೆ ಬೆಂಕಿಯ ಲೆಕ್ಕ ಬರೆಯುವವರೂ ಚಿತ್ರ ಬರೆಯುವವರೂ ಮೇಜಿನ ಎರಡು ಬದಿಯಲ್ಲಿ ಕೂತು ಚೌಕಾಸಿ ಮಾಡಬೇಕಾಗುತ್ತದೆ, ಏಕೆಂದರೆ ಇನ್ನೂ ಒಂದು ಹೆಜ್ಜೆ ಎಂದರೆ ಇನ್ನೂ 80 ಟೆರಾಬೈಟ್.